ಬಣ್ಣ ಕೂಡಿಸುವ ಶಾಂತಪ್ಪ

ಸನತ್‌ನಗರದ ಬಣ್ಣದ ಕಾರ್ಖಾನೆಯಲ್ಲಿ ಶಾಂತಪ್ಪ ಇಪ್ಪತ್ತೇಳು ವರ್ಷ ದುಡಿದ. ಗಿರಾಕಿ ಕೇಳಿದ ಬಣ್ಣ ಡ್ರಮ್ಮಿನಲ್ಲಿ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡುವುದು, ಬಾರದಿದ್ದರೆ ಏನನ್ನು ಎಷ್ಟು ಬೆರೆಸಬೇಕೆಂದು ಹೇಳುವುದು ಅವನ ಕೆಲಸ. ಲಿಂಗಸುಗೂರು ಕಡೆಯಿಂದ ಡ್ರಮ್ಮು ಹೊರಲು ಬಂದವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಒಂದು ದಿನ ಹೊರುತ್ತ ಹೊರುತ್ತಲೇ, "ಇದರಾಗ ಕೆಂಪು ಜಾಸ್ತಿ ಆಗೇತ್ರಿ" ಎಂದಿದ್ದ. ನೋಡಿದರೆ ನಿಜವಾಗಿಯೂ ಜಾಸ್ತಿಯಾಗಿತ್ತು. ಹೊರುವ ಕೆಲಸ ಅಲ್ಲಿಗೆ ತಪ್ಪಿತು. ಕೊನೆಯ ವರ್ಷಗಳಲ್ಲಂತೂ ಅವನು, ಗಿರಾಕಿ ಒಪ್ಪಿದ ಬಣ್ಣ ಬಳಿದ ಮಾದರಿಯ ತಗಡನ್ನೂ ಹೋಲಿಸಿ ನೋಡಲು ಪಕ್ಕದಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಯಾವ ಬಣ್ಣ ಹೇಗಿರಬೇಕೆಂಬುದು ಅವನ ತಲೆಯಲ್ಲೇ ಇತ್ತು.

ಮಾದಾಪುರದ ಬಂಡೆಗಳನ್ನು ಒಡೆದು ಸಾಫ್ಟ್‌ವೇರ್ ಕಂಪನಿಗಳು ಕಟ್ಟಡ ಎಬ್ಬಿಸತೊಡಗಿದಾಗ ಕಾರ್ಖಾನೆಗೆ ಬಿಡುವಿಲ್ಲದ ಕೆಲಸ ಬಂತು. ಜೊತೆಗೆ ಒಂದು ಕಂಪ್ಯೂಟರ್ ಯಂತ್ರವೂ ಬಂತು. ಬಣ್ಣ ಬಳಿದ ತಗಡನ್ನು ಅದರ ಬಾಯಿಗಿಟ್ಟರೆ ಸರಿ ತಪ್ಪು ಹೇಳುತ್ತಿತ್ತು. ಅದನ್ನು ನಡೆಸಲು ಬಂದವನು ಸಿಂಧನೂರಿನ ಚಂದ್ರಕಾಂತ, ಇಪ್ಪತ್ತಾರರ ಹುಡುಗ. ಮೊದಲ ದಿನದಿಂದಲೇ ಶಾಂತಪ್ಪನನ್ನು ಕಾಕಾ ಎಂದು ಕರೆದ.

ಆ ವರ್ಷದ ಮಳೆಗಾಲದಲ್ಲಿ ಮಾದಾಪುರದ ಒಂದು ದೊಡ್ಡ ಕಟ್ಟಡಕ್ಕೆ ಬಿಳಿ ಬಣ್ಣ ಬೇಕಾಯಿತು. ತಯಾರಾದ ಬಣ್ಣವನ್ನು ಯಂತ್ರ ಸರಿ ಎಂದಿತು. ಶಾಂತಪ್ಪ ಒಪ್ಪಲಿಲ್ಲ.

"ಹಳದಿ ಹೊಡ್ಯಾಕತ್ತೈತಿ. ನೀಲಿ ಹಾಕ್ರಿ."

"ಕಾಕಾ, ಮಿಷನ್ ಸರಿ ಐತಿ ಅನ್ನಾಕತ್ತೈತಿ. ಒಂದ್ಸಲ ಮಾದರಿ ಪಕ್ಕಕ್ಕಿಟ್ಟು ನೋಡ್ರಿ."

"ನನಗ ಮಾದರಿ ತೋರಿಸ್ತಿಯೇನು?"

ಕೊನೆಗೆ ಚಂದ್ರಕಾಂತನೇ ನೀಲಿ ಸುರಿದ. ಕಟ್ಟಡದ ಒಂದು ಮಗ್ಗುಲಿಗೆಲ್ಲ ಬಳಿದಾದ ಮೇಲೆ, ಅದು ಮೊದಲೇ ಬಳಿದಿದ್ದ ಉಳಿದ ಗೋಡೆಗಳಿಗೆ ಹೊಂದದೆ ನೀಲಿಗಟ್ಟಿ ಕಾಣುತ್ತದೆಂದು ಗಿರಾಕಿ ಮಿಕ್ಕ ಮಾಲನ್ನು ವಾಪಸು ಕಳಿಸಿದ. ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಶಾಂತಪ್ಪ, ತಾನು ಹೇಳಿದ್ದು ಸರಿಯಿತ್ತು, ಹುಡುಗ ಅಳತೆ ತಪ್ಪಿ ಹೆಚ್ಚು ನೀಲಿ ಸುರಿದಿದ್ದಾನೆ ಎಂದ. ಹಾಗೆಂದೇ ಅವನು ನಂಬಿದ್ದ. ಇಪ್ಪತ್ತೇಳು ವರ್ಷದ ಮಾತಿನ ಮುಂದೆ ಎಂಟು ತಿಂಗಳ ಮಾತು ನಿಲ್ಲಲಿಲ್ಲ. ಚಂದ್ರಕಾಂತನ ಕೆಲಸ ಹೋಯಿತು.

ಮೂರು ತಿಂಗಳಲ್ಲಿ ಶಾಂತಪ್ಪನೂ ಸ್ವಯಂ ನಿವೃತ್ತಿ ಬರೆದುಕೊಟ್ಟ. ಗೆದ್ದ ಸಂತೋಷವೇನೂ ಇರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಮೈ ಸೋತಿರುತ್ತಿತ್ತು. ಬಣ್ಣದ ವಾಸನೆ ಮೂಗಿಗೆ ಬಿದ್ದರೆ ಸಾಕು, ಎಲ್ಲಾದರೂ ಕಣ್ಣು ಮುಚ್ಚಿ ಕೂತುಬಿಡೋಣ ಅನಿಸುತ್ತಿತ್ತು.

ಆದರೆ ಹೆಂಡತಿ ಗಿರಿಜಾಬಾಯಿ ಈ ದಿನಕ್ಕಾಗಿಯೇ ಕಾದಿದ್ದಳು. ಮೂಸಾಪೇಟೆಯ ಅವರ ಎರಡು ಕೋಣೆಯ ಮನೆಯ ಮುಂದೆ ಹತ್ತು ಹೆಜ್ಜೆ ಉದ್ದದ ಮಣ್ಣಿನ ನೆಲವಿತ್ತು. ಖಾಲಿ ಡಬ್ಬಿ, ಮುರಿದ ಸೈಕಲ್ಲು ಬಿದ್ದಿದ್ದ ಜಾಗವನ್ನು ಅವಳು ಒಬ್ಬಳೇ ಖಾಲಿ ಮಾಡಿ ಅಗೆದು, ಗೊಬ್ಬರ ಹಾಕಿಸಿದಳು.

"ಊರ ಮಂದಿಗೆಲ್ಲ ಬಣ್ಣ ಕೂಡಿಸಿಕೊಟ್ರಿ. ನನಗೂ ಒಂದೀಟು ಕೂಡಿಸಿಕೊಡ್ರಿ. ಯಾವ ಹೂವಿನ ಮಗ್ಗಲಾಗ ಯಾವುದು ಹಚ್ಚಬೇಕು?"

"ನಿನಗ ಬೇಕಾದ್ದು ಹಚ್ಚು ಗಿರಿಜಾ. ನನಗ ಸಾಕಾಗೇತಿ."

ಅವಳು ಬಿಡಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು, ಬಟ್ಟೆ ಒಣಹಾಕುತ್ತ ಕೇಳಿದಳು. ಕೆಂಪು ದಾಸವಾಳದ ಪಕ್ಕ ಕನಕಾಂಬರ ಹೇಗೆ, ಚೆಂಡುಹೂವಿಗೆ ನೇರಳೆ ಒಪ್ಪುತ್ತದೆಯೇ ಎಂದಳು. ಮಾತು ಮುಗಿಸಲೆಂದು ಶಾಂತಪ್ಪ ಒಂದು ದಿನ ಹೇಳಿದ, "ಬರೀ ಬಿಳಿ ಸೇವಂತಿಗಿ ಹಚ್ಚೋಣ. ಹಿಂದಕ ಗ್ವಾಡಿಗೆ ನೀಲಿ ಶಂಖಪುಷ್ಪದ ಬಳ್ಳಿ. ಬ್ಯಾರೆ ಏನೂ ಬ್ಯಾಡ. ಕಣ್ಣಿಗೆ ತಂಪಿರತೈತಿ."

ನರ್ಸರಿಗೆ ಅವನೇ ಹೋದ. ಮೊಗ್ಗು ಬಿರಿದಿದ್ದ ಸೇವಂತಿಗೆಯ ಸಸಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಇಪ್ಪತ್ತು ಆರಿಸಿ ತಂದ. ನೆಟ್ಟು, ನೀರು ಹಾಕಿ, ಹದಿನೈದು ದಿನ ಅವುಗಳ ಕಡೆ ತಿರುಗಿ ನೋಡಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಗಿರಿಜಾಬಾಯಿ ಅವನನ್ನು ಹೊರಗೆ ಕರೆದಳು. ಸೇವಂತಿಗೆ ಸಾಲುಗಟ್ಟಿ ಅರಳಿತ್ತು.

"ಬರೀ ಬಿಳಿ ಅಂದಿದ್ರಿ. ನಡುನಡುವ ತೆಳುಹಳದಿ ಸೇರಿಸಿ ಭಾಳ ಚೆಂದ ಮಾಡೀರಿ."

"ಹಳದಿ ಎಲ್ಲೈತಿ? ಎಲ್ಲಾ ಬಿಳೀನ ಐತಲ್ಲ."

ಅವಳು ನಕ್ಕಳು. ಅವನು ನಗಲಿಲ್ಲ. ಬಾಗಿ ಎರಡು ಹೂ ಕಿತ್ತು ಅವನ ಅಂಗೈಯಲ್ಲಿಟ್ಟಳು. "ಇವೆರಡೂ ಒಂದ ಬಣ್ಣ ಅದಾವೇನ್ರಿ?"

ಶಾಂತಪ್ಪ ಹೂಗಳನ್ನು ಬಿಸಿಲಿಗೆ ಹಿಡಿದ. ಕೈ ತಿರುಗಿಸಿ ನೆರಳಿನಲ್ಲಿ ನೋಡಿದ. ಎರಡೂ ಒಂದೇ ಬಣ್ಣವಿದ್ದವು, ಹಳೆಯ ಕಾಗದದಂಥ ಬಿಳಿ. ಅವನು ಮೆಟ್ಟಿಲ ಮೇಲೆ ಕುಳಿತ. ಒಂದು ದೊಡ್ಡ ಬಿಳಿ ಗೋಡೆ, ಅದಕ್ಕೆ ತಾನು ಸುರಿಸಿದ ನೀಲಿ ಅವನ ಕಣ್ಣ ಮುಂದೆ ಬಂದವು.

"ಗಿರಿಜಾ, ಆ ಹುಡುಗ ಸರಿ ಇದ್ದ," ಎಂದ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಇದು ಮೂರು ನಾಲ್ಕು ವರ್ಷದ್ದು, ಮೆಲ್ಲಗೆ ಹಳದಿಗಟ್ಟುತ್ತದೆ, ಬಿಳಿಯೂ ಹಳದಿಯಾಗಿ ಕಾಣುತ್ತದೆ, ಇದ್ದವರಿಗೇ ತಿಳಿಯುವುದಿಲ್ಲ ಎಂದರು. ಸಂಕ್ರಾಂತಿ ಕಳೆದ ಮೇಲೆ ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಅವನು ಒಂದೊಂದೇ ಕಣ್ಣು ಮುಚ್ಚಿ ತೋಟ ನೋಡಿದ. ಬಲಗಣ್ಣಿಗೆ ಎರಡು ಬಗೆಯ ಹೂವಿದ್ದವು, ಎಡಗಣ್ಣಿಗೆ ಒಂದೇ.

ಚಂದ್ರಕಾಂತನನ್ನು ಹುಡುಕಲು ಹೆಚ್ಚು ದಿನ ಹಿಡಿಯಲಿಲ್ಲ. ಕೆಲಸ ಕಳೆದುಕೊಂಡವರು, ಕೆಲಸ ಸಿಗದವರು ಎಲ್ಲರೂ ಆಗ ಕಂಪ್ಯೂಟರ್ ಕಲಿಯಲೆಂದು ಅಮೀರ್‌ಪೇಟೆಯಲ್ಲೇ ಸೇರುತ್ತಿದ್ದರು. ಜಾವಾ ಕಲಿಸುವ ಒಂದು ಸಂಸ್ಥೆಯ ಕೆಳಗೆ, ಬೋರ್ಡುಗಳ ಕಾಡಿನ ನಡುವೆ, ಅವನು ಚಹಾ ಕುಡಿಯುತ್ತ ನಿಂತಿದ್ದ. ಮೊದಲಿಗಿಂತ ಇಳಿದಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು.

ಶಾಂತಪ್ಪ ಅವನ ಎದುರಿಗೆ ಹೋಗಿ ನಿಂತ. "ನನ್ನ ಕಣ್ಣಿಗೆ ಪೊರಿ ಬಂದಿತ್ತಪ್ಪ. ತಪ್ಪು ನಂದ. ನಿನ್ನ ಮ್ಯಾಲೆ ಹಾಕಿದೆ," ಎಂದಷ್ಟೇ ಹೇಳಿದ.

ಚಂದ್ರಕಾಂತ ಉಳಿದ ಚಹಾ ಚೆಲ್ಲಿ ಗ್ಲಾಸು ಕಟ್ಟೆಯ ಮೇಲಿಟ್ಟ.

"ನೀವು ಬೇಕಂತ ಹೇಳೀರಿ ಅಂತ ತಿಳ್ಕೊಂಡಿದ್ದೆ, ಕಾಕಾ. ಇಷ್ಟು ದಿವಸ ಹಂಗ ಸಿಟ್ಟು ಇಟ್ಕೊಂಡಿದ್ದೆ. ಈಗ ಅದನ್ನೂ ಏನು ಮಾಡ್ಲಿ ತಿಳೀವಲ್ದು."

"ಮ್ಯಾನೇಜರ್‌ಗೆ ಬರದು ಕೊಡ್ತೀನಿ. ಮತ್ತ ತಗೋತಾರ."

"ಬರದು ಕೊಡ್ರಿ. ಕಾಗದದಾಗ ನನ್ನ ಹೆಸರು ಸ್ವಚ್ಛ ಆಗ್ಲಿ. ನಾನಂತೂ ತಿರುಗಿ ಹೋಗೂದಿಲ್ಲ." ಮೇಲೆ ಕ್ಲಾಸಿನ ಗಂಟೆ ಹೊಡೆಯಿತು. "ಇನ್ನೊಂದು ಕಣ್ಣೂ ಮಾಡಿಸ್ಕೋರಿ," ಎಂದು ಹೇಳಿ ಮೆಟ್ಟಿಲೇರಿದ.

ಶಾಂತಪ್ಪ ಪತ್ರ ಬರೆದ, ತಾನೇ ಒಯ್ದು ಕೊಟ್ಟ. ಮ್ಯಾನೇಜರ್ ಅವನ ಮುಖವನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದರು. ತಿಂಗಳ ನಂತರ ಚಂದ್ರಕಾಂತನಿಗೆ ತಪ್ಪಿಲ್ಲವೆಂಬ ಪ್ರಮಾಣಪತ್ರ ಹೋಯಿತೆಂದು ಕೇಳಿಬಂತು. ಅದು ಅವನಿಗೆ ಎಷ್ಟರ ಮಟ್ಟಿಗೆ ಉಪಯೋಗವಾಯಿತೋ ಶಾಂತಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ಒಂದೆರಡು ಸಲ ಅಮೀರ್‌ಪೇಟೆಯವರೆಗೆ ಹೋಗಿ, ಬಸ್ಸಿಳಿಯದೆ ಹಾಗೇ ಮುಂದೆ ಸಾಗಿ ವಾಪಸಾದ.

ಚಳಿ ಮುಗಿದು ಸೇವಂತಿಗೆ ಒಣಗಿತು. ಗಿರಿಜಾಬಾಯಿ ಗಿಡ ಕಿತ್ತು ಮಣ್ಣು ಸಡಿಲ ಮಾಡಿದಳು. ಈ ಸಲ ಅವಳು ಅವನನ್ನು ಏನೂ ಕೇಳಲಿಲ್ಲ. ಕೇಸರಿ ಕನಕಾಂಬರ, ಅದಕ್ಕೆ ತಾಗಿಕೊಂಡೇ ಕಡುಗುಲಾಬಿ ಕಾಶಿಕಣಗಿಲೆ, ಅಂಚಿಗೆ ಕೆಂಪು ದಾಸವಾಳ ತಂದು ಸಾಲಾಗಿಟ್ಟಳು. ಕಾರ್ಖಾನೆಯಲ್ಲಾಗಿದ್ದರೆ ಇಂಥ ಜೋಡಣೆಯನ್ನು ಯಾರಿಗೂ ಒಪ್ಪಿಸುತ್ತಿರಲಿಲ್ಲವೆಂದು ಶಾಂತಪ್ಪನಿಗೆ ಅನಿಸಿತು.

"ಹೆಂಗ ಐತ್ರಿ?" ಎಂದಳು ಅವಳು, ಕೊನೆಗೆ ತಡೆಯಲಾರದೆ.

"ನಿನಗ ಹೆಂಗ ಕಾಣತೈತಿ?"

"ನನಗ ಭಾಳ ಸೇರೈತಿ."

"ಹಂಗಾದ್ರ ಹಚ್ಚು," ಎಂದ ಶಾಂತಪ್ಪ. ಮೊಣಕಾಲು ಹಿಡಿದು ಎದ್ದು, ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡು, ಅವಳು ಬೆರಳಿಟ್ಟು ತೋರಿಸಿದ ಕಡೆ ಕುಣಿ ತೋಡತೊಡಗಿದ.