ಬಿದ್ದವನೇ ಗೆಲ್ಲುವ ಆಟ

ಮಧ್ಯಾಹ್ನ ಭಾಂಡೆ ತೊಳೆದಿಟ್ಟು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಾಗ ನಾನು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತೇನೆ. ಇಳಕಲ್ಲಿನ ನೇಕಾರರ ಮನೆಯ ಸೊಸೆಗೆ, ಅದೂ ಮೊಣಕಾಲು ಕಟಕಟ ಎನ್ನುವ ವಯಸ್ಸಿನಲ್ಲಿ, ಇದೆಂಥ ಚಟ ಎಂದು ನೀವು ಕೇಳಬಹುದು. ಧಾರಾವಾಹಿಗಿಂತ ಇದರಲ್ಲಿ ಅಳು ಜಾಸ್ತಿ, ಅದಕ್ಕೆ.

ಎಂಥೆಂಥ ಆಳುಗಳು ಅಂತೀರಿ! ಒಬ್ಬೊಬ್ಬನ ತೊಡೆಯೂ ಹುಣಸೆಮರದ ಬೊಡ್ಡೆ. ಆದರೆ ಎದುರಿನವನ ಅಂಗಿಯ ಗಾಳಿ ಸೋಕಿದರೆ ಸಾಕು, ನೆಲಕ್ಕೆ ಬಿದ್ದು ಉರುಳುಸೇವೆ. ತಾಗಿದ್ದು ಕಾಲಿಗೆ, ಹಿಡಿದುಕೊಳ್ಳುವುದು ಮೋರೆ. ಎರಡು ಹೆತ್ತ ನಾನೂ ಅಷ್ಟು ಚೀರಿರಲಿಲ್ಲ. ಉಳಿದವರೆಲ್ಲ ಹುನಗುಂದದ ಬಸ್ ನಿಲ್ದಾಣದಲ್ಲಿ ಕಂಡಕ್ಟರನನ್ನು ಮುತ್ತಿದಂತೆ ರೆಫರಿಯನ್ನು ಮುತ್ತಿ, ಕೈ ಬೀಸಿ ಬೀಸಿ ಜಗಳಕ್ಕೆ ನಿಲ್ಲುತ್ತಾರೆ. ಅಷ್ಟರಲ್ಲಿ ಒಬ್ಬ ಡಬ್ಬಿ ಹಿಡಿದು ಓಡಿ ಬಂದು ಬುಸ್ ಎಂದು ನೋವಿನ ಮದ್ದಿನ ಹೊಗೆ ಹೊಡೆಯುತ್ತಾನೆ. ಸಾಯುತ್ತಿದ್ದವನು ಎದ್ದು ತಲೆಗೂದಲು ಸರಿಮಾಡಿಕೊಳ್ಳುತ್ತಾನೆ. ಬನಶಂಕರಿ ಜಾತ್ರೆಯ ನಾಟಕಗಳಲ್ಲೂ ಗುಂಡು ತಾಗಿದ ನಾಯಕ ಒಂದು ಹಾಡು ಪೂರ್ತಿ ಮುಗಿಸಿಯೇ ಸಾಯುತ್ತಾನೆ, ನಿಜ. ಆದರೆ ಸತ್ತಮೇಲೆ ಎದ್ದು ಪೆನಾಲ್ಟಿ ಒದೆಯುವುದಿಲ್ಲ.

ನನ್ನ ಜೊತೆಗೆ ನೋಡಲು ಕೂಡುವವರು ನಮ್ಮ ಮಾವನವರು. ಹರೆಯದಲ್ಲಿ ಪೈಲ್ವಾನರಾಗಿದ್ದವರು. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ಆಟ ಮುಗಿಯಿತು, ಮರ್ಯಾದೆಯೂ ಮುಗಿಯಿತು. ಹಾಗಾಗಿ ಈ ಆಟದ ನ್ಯಾಯ ಅವರಿಗೆ ಅರ್ಥವೇ ಆಗಲಿಲ್ಲ.

"ಬಿದ್ದಾಂವ ಸೋತಂಗಲ್ಲೇನಬೇ? ಮತ್ತ ಇಂವಗ್ಯಾಕ ಚೆಂಡು ಕೊಡಾಕತ್ತಾರ?"

"ಅಂವ ಬಿದ್ದಿದ್ದು ನಾಟಕರಿ ಮಾವಾರ."

"ಥೂ! ನಾವು ಖರೇನ ಬಿದ್ದರೂ ಬಿದ್ದಿಲ್ಲ ಅಂತ ನಾಟಕ ಮಾಡ್ತಿದ್ವಿ."

ಆ ಮಾತನ್ನು ನಾನು ಆಗಲೇ ಗಂಟು ಹಾಕಿಟ್ಟುಕೊಳ್ಳಬೇಕಿತ್ತು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಧಪ್ ಎಂದು ಸಪ್ಪಳವಾಯಿತು. ಬಚ್ಚಲಿಗೆ ಹಾಸಿದ ನಮ್ಮೂರ ಕೆಂಪು ಕಲ್ಲು ನೋಡಲು ಚೆಂದ, ಸಾಬೂನು ನೀರು ಬಿದ್ದರೆ ಅದೇ ಯಮ. ಓಡಿಹೋಗಿ ನೋಡಿದರೆ ಮಾವನವರು ಗೋಡೆಗೆ ಆತು ಕೂತು ಸೂರು ನೋಡುತ್ತಿದ್ದಾರೆ.

"ಬಿದ್ರೇನ್ರಿ?"

"ಇಲ್ಲ. ಕುಂತೇನಿ."

"ಬಚ್ಚಲದಾಗ?"

"ತಂಪೈತಿ."

ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಸಂಜೆಗೂ ಅದೇ ಮಾತು. ಬಿಸಿ ರೊಟ್ಟಿಯ ವಾಸನೆಗೆ ಮಗ್ಗದಿಂದ ಎದ್ದು ಬರುವ ಮನುಷ್ಯ! ಗಮನಿಸಿದಾಗ ತಿಳಿಯಿತು: ಬಲಗೈಯನ್ನು ಧೋತರದ ಮಡಿಕೆಯಲ್ಲಿ ಬಚ್ಚಿಟ್ಟಿದ್ದಾರೆ. ರೊಟ್ಟಿ ಮುರಿಯಲು ಆ ಕೈ ಏಳುತ್ತಿಲ್ಲ, ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪುತ್ತಿಲ್ಲ. ಮರುದಿನದ ಹೊತ್ತಿಗೆ ಮುಂಗೈ ಊದಿ ಬದನೆಕಾಯಿಯಾಗಿತ್ತು. ಇನ್ನೊಂದು ದಿನ ಬಿಟ್ಟರೆ ಕೈಯೇ ಹೋದೀತು ಎಂದು ನನಗೆ ದಿಗಿಲು. "ಬದನಿಕಾಯಿ ಪಲ್ಯ ನೀವ ಮಾಡ್ತೀರೋ, ನಾ ಮಾಡ್ಲೋ?" ಎಂದು ಗದರಿಸಿ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಹೊರಗೆ ಗದ್ದಲ ಬೇರೆ. "ಎಲ್ಲಿ ನೋವೈತ್ರಿ ಅಜ್ಜಾರ?"

"ಎಲ್ಲೂ ಇಲ್ರಿ. ಈಕಿ ಸುಮ್ನ ಕರಕೊಂಡು ಬಂದಾಳ."

ಡಾಕ್ಟರು ಕೈ ಒತ್ತಿದರು. ಮಾವನವರ ರೆಪ್ಪೆ ಅಲುಗಲಿಲ್ಲ. ತಿರುವಿದರು. ಮಾವನವರು ಎದುರಿನ ಗೋಡೆಯ ಕ್ಯಾಲೆಂಡರು ಓದುತ್ತ ಕೂತರು. "ಬರೇ ಬಾವು ಇರಬೇಕು, ಮುಲಾಮು ಹಚ್ರಿ" ಎಂದು ಡಾಕ್ಟರು ಪೆನ್ನು ಎತ್ತಿದರು. ಮಾವನವರ ಹಣೆಯ ಮೇಲೆ ಮೂಡಿದ ಬೆವರು ಮಾತ್ರ ನನಗೆ ಕಂಡಿತು. ಇಷ್ಟು ದಿನ ನೋಡಿದ ಆಟವೆಲ್ಲ ಆ ಗಳಿಗೆಯಲ್ಲಿ ನನ್ನ ಮೈಮೇಲೆ ಬಂತು ನೋಡಿ! ಎರಡೂ ಕೈ ಮೇಲೆತ್ತಿ, "ಅಯ್ಯಯ್ಯೋ ಯಪ್ಪಾ! ಸತ್ನೆಪ್ಪೋ!" ಎಂದು ಚೀರಿದೆ.

ಡಾಕ್ಟರ ಪೆನ್ನು ಕೆಳಗೆ ಬಿತ್ತು. "ನಿಮಗೇನಾತ್ರಿ ಅಮ್ಮಾರ?"

"ನನಗಲ್ರಿ, ಅವರಿಗೆ! ನಿನ್ನಿಯಿಂದ ತುತ್ತು ಅನ್ನ ಹೋಗಿಲ್ಲ. ಅವರು ಚೀರಂಗಿಲ್ಲ, ಅದಕ್ಕ ನಾ ಚೀರಿದೆ. ಎಕ್ಸ್‌ರೇ ತಗೀರಿ!"

ಹೊರಗಿದ್ದ ಅರ್ಧ ಮಂದಿ ಬಾಗಿಲಿಗೆ ಬಂದು ನನ್ನ ಪರ ನಿಂತರು. ಡಾಕ್ಟರು ರೆಫರಿಯಂತೆ ನನ್ನ ಮುಖ, ಅವರ ಮುಖ ನೋಡಿದರು. ನಾಟಕ ಮಾಡಿದ್ದಕ್ಕೆ ಹಳದಿ ಕಾರ್ಡು ಗ್ಯಾರಂಟಿ ಎಂದುಕೊಂಡೆ. ಎಕ್ಸ್‌ರೇ ಬರೆದುಕೊಟ್ಟರು. ಎಲುಬು ಬಿರಿದಿತ್ತು.

ಪ್ಲಾಸ್ಟರು ಹಾಕಿಸಿಕೊಂಡು ಬರುವಾಗ ಮಾವನವರು ಆಟೋದಲ್ಲಿ ಒಂದೇ ಮಾತಾಡಿದರು: "ಭಾಳ ಚಲೋ ಚೀರಿದಿ ಬಿಡು."

ಈಗ ಅವರು ನಾನು ಚಮಚದಲ್ಲಿ ತಿನ್ನಿಸುವ ನುಚ್ಚು ಮಜ್ಜಿಗೆ ಉಣ್ಣುತ್ತ ಆಟ ನೋಡುತ್ತಾರೆ. ನಿನ್ನೆ ಮತ್ತೊಬ್ಬ ಬಿದ್ದು ಹೊರಳಾಡಿದ. ನಾನು ಎಂದಿನಂತೆ ಬೈಯಲು ಬಾಯಿ ತೆರೆದೆ. ಮಾವನವರು ಪ್ಲಾಸ್ಟರಿನ ಕೈ ಎತ್ತಿ ತಡೆದರು.

"ಬೈಬ್ಯಾಡಬೇ. ಪಾಪ, ಅವನ ಸೊಸಿ ಬಂದಂಗಿಲ್ಲ. ಅದಕ್ಕ ತಾನ ಚೀರಾಕತ್ತಾನ."