ಅರುಂಧತಿ ಕಾಣದ ಯುಗಾದಿ

ನನ್ನ ಮದುವೆ ನಿಶ್ಚಯವಾದದ್ದು ಅಪ್ಪನಿಗೆ ಒಂದು ನಕ್ಷತ್ರ ಕಾಣದೆ ಹೋದದ್ದರಿಂದ. ಹೀಗೆಂದರೆ ಜನ ನಗುತ್ತಾರೆ. ನಗಲಿ, ನಾನೂ ಈಗ ಒಮ್ಮೊಮ್ಮೆ ನಗುತ್ತೇನೆ. ಆದರೆ ಎಪ್ಪತ್ತರ ದಶಕದ ಆರಂಭದಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದು, ಗಣಿತದಲ್ಲಿ ಎಂ.ಎಸ್ಸಿ. ಮಾಡಿಯೇ ಸೈ ಎಂದು ಹಟ ಹಿಡಿದಿದ್ದ ಹುಡುಗಿಗೆ ಅದು ನಗುವ ವಿಷಯವಾಗಿರಲಿಲ್ಲ.

ಆಗ ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿತ್ತು. ಸುತ್ತ ಖಾಲಿ ಸೈಟುಗಳು, ಅವುಗಳ ತುಂಬ ಎಕ್ಕದ ಗಿಡ. ಮೂಲೆಗೊಂದು ಬೀದಿದೀಪ, ಅದೂ ತನಗೆ ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ತಾರಸಿ ಹತ್ತಿ ನಿಂತರೆ ಚಿಕ್ಕಲಸಂದ್ರದ ಕಡೆ ಬರೀ ಕತ್ತಲೆ, ಮೇಲೆ ಬರೀ ಆಕಾಶ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹಗಲೆಲ್ಲ ಫೈಲು ನೋಡಿ ಬಂದವರು ಊಟವಾಗುತ್ತಲೇ ಚಾಪೆ ಹಿಡಿದು ಮೇಲೆ ಹೋಗುತ್ತಿದ್ದರು, ಹಿಂದೆ ನಾನು. ನಾನೊಬ್ಬಳೇ ಮಗಳಾದ್ದರಿಂದ ಅವರ ಕಥೆ ಕೇಳುವವಳೂ ನಾನೊಬ್ಬಳೇ. ಅಪ್ಪ ಮಗಳಿಗೆ ಕೆಳಗಿನ ಪ್ರಪಂಚ ಸಾಲದು ಎಂದು ಅಮ್ಮ ಗೊಣಗಿಕೊಂಡು ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

ಬೇಸಿಗೆಯ ಸಂಜೆಗಳಲ್ಲಿ ಉತ್ತರಕ್ಕೆ ಸಪ್ತರ್ಷಿಗಳು, ದಕ್ಷಿಣಕ್ಕೆ ತಗ್ಗಿನಲ್ಲಿ ತ್ರಿಶಂಕು. ಸ್ವರ್ಗಕ್ಕೆ ಹೊರಟು, ಬಾಗಿಲಲ್ಲೇ ತಳ್ಳಿಸಿಕೊಂಡು, ನಡುವೆ ತಲೆಕೆಳಗಾಗಿ ನಿಂತ ಆ ರಾಜನನ್ನು ಅಪ್ಪ ಪ್ರಮೋಷನ್ ತಪ್ಪಿದ ತಮ್ಮ ಕಚೇರಿಯ ಗುಮಾಸ್ತರಿಗೆ ಹೋಲಿಸುತ್ತಿದ್ದರು. ಕಾರ್ತಿಕದ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆಯರು ಬರುತ್ತಿದ್ದರು, ಚಳಿಗೆ ಒತ್ತೊತ್ತಾಗಿ ಕೂತ ಹೆಂಗಸರಂತೆ. ಅವರ ಕಥೆಯನ್ನು ನಾನು ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಸಪ್ತರ್ಷಿಗಳ ಹೆಂಡತಿಯರ ಮೇಲೆ ಅಗ್ನಿಗೆ ಮನಸ್ಸಾಯಿತಂತೆ. ಅಗ್ನಿಯ ಮೇಲೆ ಮನಸ್ಸಿಟ್ಟಿದ್ದ ಸ್ವಾಹಾದೇವಿ ಆ ಹೆಂಗಸರ ರೂಪವನ್ನು ಒಂದೊಂದಾಗಿ ತಾಳಿ ಅವನನ್ನು ಸೇರಿದಳಂತೆ. ಆರು ಜನರ ರೂಪ ಅವಳಿಗೆ ಒಲಿಯಿತು, ವಸಿಷ್ಠರ ಹೆಂಡತಿ ಅರುಂಧತಿಯದು ಮಾತ್ರ ಒಲಿಯಲಿಲ್ಲ. ಸುದ್ದಿ ಹಬ್ಬಿತು. ಆರು ಋಷಿಗಳು ಹಿಂದುಮುಂದು ನೋಡದೆ ಹೆಂಡಿರನ್ನು ಆಚೆ ಕಳಿಸಿದರು. ಆ ಆರು ಜನ ದೂರ ಹೋಗಿ ಕೃತ್ತಿಕೆಯರಾಗಿ ಷಣ್ಮುಖನನ್ನು ಸಾಕಿದರು. ಅರುಂಧತಿ ಒಬ್ಬಳೇ ಗಂಡನ ಪಕ್ಕದಲ್ಲಿ ಉಳಿದಳು.

"ಆ ಆರು ಜನ ಏನ್ ತಪ್ಪು ಮಾಡಿದ್ರಪ್ಪ?"

"ಏನೂ ಮಾಡ್ಲಿಲ್ಲ."

"ಮತ್ತೆ ಯಾಕೆ ಆಚೆ ಹಾಕಿದ್ರು?"

"ವಿಚಾರಿಸ್ಲಿಲ್ಲಮ್ಮ. ಋಷಿಗಳಾದ್ರೇನು, ಅವರನ್ನ ಕರೆದು ಒಂದು ಮಾತು ಕೇಳ್ಬೇಕಿತ್ತು."

ಎಲ್ಲರೂ ಅರುಂಧತಿಯನ್ನು ಹೊಗಳುತ್ತಾರೆ. ನನಗೆ ಮೊದಲಿಂದಲೂ ಆ ಆರು ಜನರ ಮೇಲೇ ಪ್ರೀತಿ.

ಅರುಂಧತಿ ಬಹಳ ಮಂಕು ನಕ್ಷತ್ರ. ಸಪ್ತರ್ಷಿಗಳ ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಇದೊಂದು ಚುಕ್ಕಿ. ಕಣ್ಣು ಚುರುಕಾಗಿದ್ದವರಿಗೆ ಕಾಣುತ್ತದೆ. ಅದು ಕಾಣದೆ ಹೋದವರಿಗೆ ಇನ್ನು ಆರೇ ತಿಂಗಳ ಆಯುಸ್ಸು ಎಂದು ಹಿಂದಿನವರ ನಂಬಿಕೆ. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಪೂರ್ತಿ ನಗುತ್ತಿರಲಿಲ್ಲ. ಅವರ ತಂದೆ ಒಂದು ಯುಗಾದಿಯಲ್ಲಿ ಅರುಂಧತಿ ಕಾಣಿಸುತ್ತಿಲ್ಲ ಎಂದಿದ್ದರಂತೆ. ಆ ಮಳೆಗಾಲದಲ್ಲೇ ತೀರಿಕೊಂಡರು. ಅವರು ಹೋದ ಮೇಲೆ ಅಪ್ಪನ ಅಕ್ಕನಿಗೆ ಗಂಡು ನೋಡುವವರೇ ಇಲ್ಲವಾಗಿ, ಆಕೆ ಮದುವೆಯಿಲ್ಲದೆ ಅವರಿವರ ಮನೆಯ ಬಾಣಂತನ ಮಾಡಿಕೊಂಡೇ ಜೀವ ಸವೆಸಿದರು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಯುಗಾದಿಯ ಮರುದಿನ ಸಂಜೆ ಚಂದ್ರನನ್ನು ನೋಡಿ ದೊಡ್ಡವರಿಗೆ ನಮಸ್ಕಾರ ಮಾಡುವುದು ನಮ್ಮಲ್ಲಿ ಪದ್ಧತಿ. ಅಪ್ಪ ಅದಕ್ಕೆ ತಮ್ಮದೊಂದು ಬಾಲ ಸೇರಿಸಿದ್ದರು. ಚಂದ್ರ ಮುಳುಗಿದ ಮೇಲೆ ತಾರಸಿಯಲ್ಲೇ ಕಾದು, ಸಪ್ತರ್ಷಿಗಳು ಮೇಲೆ ಬಂದ ಕೂಡಲೇ ಅರುಂಧತಿಯನ್ನು ಹುಡುಕಿ, "ಹಾಂ, ಇದ್ದಾಳೆ, ಈ ವರ್ಷಕ್ಕೆ ನಮ್ಮ ಲೀಸ್ ರಿನ್ಯೂ ಆಯ್ತು" ಎಂದು ಕೆಳಗಿಳಿಯುತ್ತಿದ್ದರು.

ಆ ವರ್ಷ ಅವರು ಏನೂ ಹೇಳಲಿಲ್ಲ. ಪಂಚೆಯ ಅಂಚಿನಿಂದ ಕನ್ನಡಕ ಒರೆಸಿ ನೋಡಿದರು, ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

"ವಸಿಷ್ಠರ ಪಕ್ಕ ಏನ್ ಕಾಣತ್ತೆ ನಿನಗೆ?"

"ಅರುಂಧತಿ."

"ಸರಿಯಾಗಿ ನೋಡು."

"ಕಾಣ್ತಿದೆಯಪ್ಪ. ಯಾಕೆ, ನಿಮಗೆ ಕಾಣ್ತಿಲ್ವಾ?"

"ಮೋಡ ಇರ್ಬೇಕು," ಎಂದು ಕೆಳಗಿಳಿದುಬಿಟ್ಟರು. ಮೋಡ ಇರಲಿಲ್ಲ. ಆದರೆ ನನ್ನ ತಲೆಯ ತುಂಬ ಪರೀಕ್ಷೆಯಿತ್ತು, ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆ ವಾರದಿಂದ ಅಪ್ಪ ಬೇರೆಯೇ ಮನುಷ್ಯರಾದರು. ಚಪ್ಪಲಿ ಹರಿದಿತ್ತು, ಹೊಸದು ತನ್ನಿ ಎಂದರೆ ಬೇಡ, ಇದೇ ಸಾಕು ಎಂದರು. ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಎಲ್ಲಿ ಸಹಿ ಹಾಕಬೇಕು, ಯಾರನ್ನು ಕೇಳಬೇಕು ಎಂದು ತೋರಿಸಿಕೊಟ್ಟರು. ಅಟ್ಟದ ಮೇಲಿದ್ದುದನ್ನೆಲ್ಲ ಇಳಿಸಿ ಹಂಚಿದರು. ಮತ್ತೆ ನನ್ನ ಜಾತಕವನ್ನು ಊರೆಲ್ಲ ಸುತ್ತಿಸಿದರು. ನನ್ನ ಓದಿನ ಬಗ್ಗೆ ಕಂಡಕಂಡವರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದ ಮನುಷ್ಯ ಇವರೇನಾ ಎನ್ನಿಸಿತು.

"ಎರಡು ವರ್ಷ ಅಪ್ಪ. ಎಂ.ಎಸ್ಸಿ. ಮುಗಿಸಿಬಿಡ್ತೀನಿ, ಆಮೇಲೆ ನೀವು ಯಾರನ್ನ ತೋರಿಸ್ತೀರೋ ಅವರನ್ನೇ ಮಾಡ್ಕೋತೀನಿ."

"ಅಷ್ಟು ಕಾಲ ಕಾಯೋಕಾಗಲ್ಲಮ್ಮ."

"ಯಾಕಾಗಲ್ಲ?"

"ಆಗಲ್ಲ ಅಂದ್ನಲ್ಲ!" ಅಪ್ಪ ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಆಮೇಲೆ ತಾವೇ ಮುಖ ಚಿಕ್ಕದು ಮಾಡಿಕೊಂಡು ಹೊರಗೆ ಹೋದರು.

ಒಪ್ಪಿಗೆಯಾದ ಗಂಡು ಜಯನಗರ ಒಂಬತ್ತನೇ ಬ್ಲಾಕಿನವರು, ಬ್ಯಾಂಕಿನಲ್ಲಿ ಕೆಲಸ. ಒಳ್ಳೆಯವರು. ಇವತ್ತಿಗೂ ಅವರ ಬಗ್ಗೆ ನನ್ನ ದೂರಿಲ್ಲ. ಓದೋದಿದ್ದರೆ ಮದುವೆ ಆದಮೇಲೂ ಓದಿಕೊಳ್ಳಬಹುದು ಎಂದು ಅವರ ಮನೆಯವರು ಧಾರಾಳವಾಗಿ ಹೇಳಿದರು. ಈ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರಿಗೆ ಸಿಕ್ಕಿದೆಯೋ, ಅದನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬಳು.

ಜ್ಯೇಷ್ಠದಲ್ಲಿ ಮದುವೆ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಪುರೋಹಿತರು ನಮ್ಮಿಬ್ಬರನ್ನು ಛತ್ರದ ಹಿತ್ತಲಿಗೆ ಕರೆತಂದು, ನೀರಿನ ಟ್ಯಾಂಕಿನ ಮೇಲೆ ಎಲ್ಲಿಗೋ ಬೆರಳು ತೋರಿಸಿ, "ಅರುಂಧತಿ ಕಾಣಿಸ್ತಾ?" ಎಂದರು. "ಕಾಣಿಸ್ತು," ಎಂದರು ನಮ್ಮವರು. ನಾನೂ ಕಾಣಿಸ್ತು ಎಂದೆ. ನಮ್ಮ ಕಡೆ ಸಂಸಾರ ಶುರುವಾಗುವುದೇ ಗಂಡಹೆಂಡತಿ ಒಟ್ಟಿಗೆ ಹೇಳುವ ಈ ಸುಳ್ಳಿನಿಂದ. ತಿರುಗಿ ನೋಡಿದರೆ ಹಿಂದೆ ಅಪ್ಪ ಹಣೆಗೆ ಕೈ ಅಡ್ಡ ಹಿಡಿದು, ಆ ಬಿಸಿಲಿನಲ್ಲಿ, ನಿಜವಾಗಿಯೂ ಉತ್ತರದ ಆಕಾಶದಲ್ಲಿ ಹುಡುಕುತ್ತಿದ್ದರು. ಗೆಳತಿಯರಿಗೆ ತೋರಿಸಿ ನಕ್ಕೆ. ಅವರೂ ನಕ್ಕರು.

ಆಷಾಢಕ್ಕೆ ತವರಿಗೆ ಬಂದೆ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲಲ್ಲಿ ಇರಬಾರದ ತಿಂಗಳು ಅದು. ನಾನು ತವರಿನಲ್ಲಿದ್ದಾಗಲೇ ಫಲಿತಾಂಶ ಬಂತು, ಫಸ್ಟ್ ಕ್ಲಾಸ್. ನಮ್ಮ ಲೆಕ್ಚರರ್ ಮೇಡಂ ಹಟ ಮಾಡಿ ಅರ್ಜಿ ಹಾಕಿಸಿದ್ದರು, ಎಂ.ಎಸ್ಸಿ. ಗಣಿತಕ್ಕೆ ಸೀಟೂ ಸಿಕ್ಕಿತು. ಗಂಡನ ಮನೆಗೆ ಸುದ್ದಿ ಮುಟ್ಟಿಸಿದೆವು. ಮದುವೆಯಾಗಿ ತಿಂಗಳಾಗಿಲ್ಲ, ಮುಂದಿನ ವರ್ಷ ನೋಡಿದರಾಯಿತು ಎಂದು ಉತ್ತರ ಬಂತು. ಅಪ್ಪ ಹೋಗಿ ಒಂದು ಮಾತು ಹೇಳಿದ್ದರೆ ಅವರು ಒಪ್ಪುತ್ತಿದ್ದರು. ನಮ್ಮವರೇ ಆಮೇಲೆ ಎಷ್ಟೋ ಸಲ ಹಾಗೆಂದಿದ್ದಾರೆ.

"ನೀವು ಹೋಗಿ ಮಾತಾಡಿ ಅಪ್ಪ. ನೀವು ಹೇಳಿದ್ರೆ ಕೇಳ್ತಾರೆ."

"ಬೇಡಮ್ಮ. ಅವರ ಮನಸ್ಸು ನೋಯಿಸ್ಬೇಡ. ನಾಳೆ ನಿನಗೂ ನಿಮ್ಮಮ್ಮಂಗೂ ಅವರೇ ದಿಕ್ಕು."

ಸೇರುವ ಕೊನೆಯ ದಿನ ಕಳೆಯಿತು. ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಎದ್ದು ಬಂದು ಹುಳಿಗೆ ತರಕಾರಿ ಹೆಚ್ಚಿದೆ. ಓದಿಗೆ ಎಳ್ಳುನೀರು ಬಿಟ್ಟಂತಾಯಿತು. ಮುಂದಿನ ವರ್ಷ ಆ ಹೊತ್ತಿಗೆ ಮಗಳು ಮಡಿಲಲ್ಲಿದ್ದಳು.

ಅಪ್ಪನ ಲೆಕ್ಕದ ಆರು ತಿಂಗಳು ಪಿತೃಪಕ್ಷದ ಅಮಾವಾಸ್ಯೆಗೆ ಮುಗಿಯಿತು. ಅವತ್ತು ತೀರಿಕೊಂಡ ಹಿರಿಯರಿಗೆಲ್ಲ ತರ್ಪಣ ಬಿಟ್ಟು, ದೇವರ ಮುಂದೆ ಕೂತೇ ಇದ್ದರಂತೆ. ನವರಾತ್ರಿ ಬಂತು. ಬೊಂಬೆ ಕೂರಿಸಿದರು, ಬೊಂಬೆ ಎತ್ತಿದರು. ಅಪ್ಪ ಇದ್ದರು. ಬರಬೇಕಾದ ನೆಂಟರು ಬಾರದೆ ಹೋದಾಗ ಯಜಮಾನ ಒಳಗೂ ಹೊರಗೂ ಓಡಾಡುತ್ತಾನಲ್ಲ, ಹಾಗೆ ಮುಜುಗರದಿಂದ ಓಡಾಡಿಕೊಂಡಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಮದುವೆಯ ನಂತರದ ಮೊದಲ ದೀಪಾವಳಿಗೆ ತವರಿಗೆ ಹೋದಾಗ. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಾ ಅಮ್ಮ ಹೇಳಿದಳು. ಹಬ್ಬಕ್ಕೆ ವಾರದ ಮುಂಚೆ ಅಪ್ಪ ಕಾಫಿಯನ್ನು ಲೋಟದ ಆಚೆಗೆ ಸುರಿದುಕೊಂಡರಂತೆ. ಅಮ್ಮ ಎಳೆದುಕೊಂಡು ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ಹೋದಳು.

"ಎರಡು ಕಣ್ಣಿಗೂ ಪೊರೆ ಬಂದಿದೆ ಅಂದ್ರು. ಇಷ್ಟೇನಾ ಡಾಕ್ಟ್ರೇ, ಇಷ್ಟೇನಾ ಅಂತ ನಿಮ್ಮಪ್ಪ ಎರಡೆರಡು ಸಲ ಕೇಳಿದ್ರು. ಆಚೆ ಬಂದು ಬಸ್ ಸ್ಟಾಪಿನಲ್ಲಿ ನಿಂತ್ಕೊಂಡು ಮಗು ಹಾಗೆ ಅತ್ತುಬಿಟ್ರು ಕಣೇ. ಆಗ ಎಲ್ಲ ಹೇಳಿದ್ರು. ಅರುಂಧತಿ ಕಾಣ್ಲಿಲ್ಲ, ಅದಕ್ಕೇ ನಿನ್ನ ಮದುವೆ ಮುಗಿಸಿಬಿಟ್ಟೆ ಅಂತ."

ನನಗೆ ಮೊದಲು ಬಂದದ್ದು ಸಂತೋಷವಲ್ಲ. ಅಪ್ಪ ಸಾಯುವುದಿಲ್ಲ ಎಂದು ಗೊತ್ತಾದ ಗಳಿಗೆಯಲ್ಲಿ ಮಗಳಿಗೆ ಬರಬೇಕಾದ ಸಂತೋಷ ಬರಲಿಲ್ಲ, ಹೊಟ್ಟೆ ಉರಿಯಿತು. ಕೈಯಲ್ಲಿದ್ದ ಹೂರಣ ಅಲ್ಲೇ ಬಿಟ್ಟು ತಾರಸಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಹಣತೆ ಜೋಡಿಸುತ್ತಿದ್ದರು. ಆ ಕಾಲದಲ್ಲಿ ಸಂಜೆಗೆ ಸಪ್ತರ್ಷಿಗಳು ಇರುವುದಿಲ್ಲ, ಪೂರ್ವದಲ್ಲಿ ಕೃತ್ತಿಕೆಯರು ಆಗತಾನೆ ಏಳುತ್ತಿದ್ದರು.

"ಕನ್ನಡಕದ ನಂಬರ್ ಬದಲಾಗಿದೆಯಾ ಅಂತ ನೋಡ್ಬೇಕು ಅನ್ನಿಸ್ಲಿಲ್ವಾ ಅಪ್ಪ ನಿಮಗೆ?"

ಅವರು ಹಣತೆ ಕೆಳಗಿಟ್ಟರು. ಅಮ್ಮ ಹೇಳಿಬಿಟ್ಟಿದ್ದಾಳೆ ಎಂದು ಅವರಿಗೆ ತಿಳಿಯಿತು.

"ನಮ್ಮ ತಂದೆಗೆ ಹಂಗೇ ಆಯ್ತಲ್ಲಮ್ಮ. ಅಕ್ಕನ ಗತಿ ಏನಾಯ್ತು ನೋಡಿದ್ದೀನಿ. ನಿನಗೆ ಹಂಗಾಗಬಾರದು ಅಂತ."

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಋಷಿಗಳಿಗೊಂದು ನ್ಯಾಯ, ನಿಮಗೊಂದು ನ್ಯಾಯನಾ?"

ಅಪ್ಪ, "ತಪ್ಪಾಯ್ತಮ್ಮ," ಎಂದರು. ಆ ಕಾಲದ ಅಪ್ಪಂದಿರು ಮಕ್ಕಳಿಗೆ ಆಡುವ ಮಾತಲ್ಲ ಅದು. ಕೇಳಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಹಾಗೆಂದು ಮನಸ್ಸೂ ತಣ್ಣಗಾಗಲಿಲ್ಲ. ಇಬ್ಬರೂ ಸೇರಿ ಹಣತೆಗಳಿಗೆ ಎಣ್ಣೆ ಹಾಕಿದೆವು, ಕೆಳಗೆ ಅಳಿಯನಿಗೆ ಎಲೆ ಹಾಕಿದ್ದರು.

ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಬಂತು. ಅದರಲ್ಲಿ ಅರುಂಧತಿ ಕಾಣುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಅವರು ಮತ್ತೆಂದೂ ಉತ್ತರಕ್ಕೆ ತಿರುಗಿ ನೋಡಲಿಲ್ಲ. ಯುಗಾದಿಯ ಚಂದ್ರ ನೋಡಿ, ನಮಸ್ಕಾರ ಮಾಡಿಸಿಕೊಂಡು, ಇಳಿದುಬಿಡುತ್ತಿದ್ದರು. ನನ್ನ ಮಗಳು ತಾತ ಕಥೆ ಹೇಳು ಎಂದು ಪೀಡಿಸಿದರೆ ಮೊಲದ್ದೋ ನರಿಯದ್ದೋ ಹೇಳುವರು. ನನ್ನ ಕೋಪದಲ್ಲಿ ಮಗಳಿಗೆ ಸಿಗಬೇಕಾದ ಆಕಾಶವೂ ಹೋಯಿತಲ್ಲ ಎಂದು ಈಗ ಸಂಕಟವಾಗುತ್ತದೆ.

ಎಂಬತ್ತರ ದಶಕದಲ್ಲಿ ನಾವು ಬಿಟಿಎಂ ಲೇಔಟಿನಲ್ಲಿ ಮನೆ ಕಟ್ಟಿಕೊಂಡೆವು. ಬಸ್ಸಿಗೆ ಸುದ್ದಗುಂಟೆಪಾಳ್ಯದವರೆಗೆ ಮಣ್ಣಿನಲ್ಲಿ ನಡೆಯಬೇಕಿತ್ತು. ನೋಡುನೋಡುತ್ತಿದ್ದಂತೆ ರಸ್ತೆ ಬಂತು, ಹಳದಿ ದೀಪಗಳು ಬಂದವು, ಆಕಾಶ ಮಸುಕಾಯಿತು. ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಅಪ್ಪ ಬಂದಾಗ ವರಾಂಡದ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಹುಡುಗನ ತಾಯಿ, "ಅಂಕಲ್, ನಿಮ್ಮ ಮಗಳು ಎಷ್ಟು ಚೆನ್ನಾಗಿ ಹೇಳ್ಕೊಡ್ತಾರೆ, ಕಾಲೇಜಲ್ಲಿ ಲೆಕ್ಚರರ್ ಆಗ್ಬಹುದಿತ್ತು," ಎಂದರು. ಅಪ್ಪ ಎದ್ದು ಒಳಗೆ ಹೋದರು. ಆಕೆ ತನ್ನಿಂದೇನಾದರೂ ತಪ್ಪಾಯಿತಾ ಎಂದು ನನ್ನ ಮುಖ ನೋಡಿದರು.

ಆ ದಶಕ ಮುಗಿಯುವ ಹೊತ್ತಿಗೆ ಅಪ್ಪನಿಗೆ ನಿಜವಾಗಿಯೇ ಕಾಯಿಲೆಯಾಯಿತು. ಈ ಸಲ ಹೇಳಿದ್ದು ನಕ್ಷತ್ರವಲ್ಲ, ಡಾಕ್ಟರು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಲಗಿಸಿಕೊಂಡಿದ್ದೆವು. ಅವರಿಗೆ ಹೆದರಿಕೆಯೇನೂ ಇದ್ದಂತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು, ಚಮಚವನ್ನು ಕೈಯಿಂದ ತಡೆದರು.

"ನಿನಗೆ ಸಿಕ್ಕಿತ್ತಲ್ಲ ಆ ಸೀಟು, ಅದನ್ನ ಆಮೇಲೆ ಯಾರಿಗೆ ಕೊಟ್ಟಿರ್ತಾರೆ?"

ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ಆ ಸೀಟಿನ ಹೆಸರೆತ್ತಿರಲಿಲ್ಲ. ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ.

"ಲಿಸ್ಟಲ್ಲಿ ನನ್ನ ಹಿಂದೆ ಇದ್ದೋರಿಗೆ ಸಿಕ್ಕಿರತ್ತೆ ಅಪ್ಪ."

"ಹುಡುಗಿಗಾ?"

"ಗೊತ್ತಿಲ್ಲ."

"ಹುಡುಗೀಗೇ ಸಿಕ್ಕಿರ್ಲಿ," ಎಂದರು. ಮತ್ತೆ, "ಪೂರ್ತಿ ಓದಿರ್ತಾಳಾ?" ಎಂದರು.

"ಓದಿರ್ತಾಳೆ ಅಪ್ಪ. ಪಾಸೂ ಆಗಿರ್ತಾಳೆ," ಎಂದೆ. ಆಗ ಚಮಚ ತಡೆದಿದ್ದ ಕೈ ತೆಗೆದು ಬಾಯಿ ತೆರೆದರು.