ಕೆಳಗೆ ಅಂದರೆ ಎಲ್ಲಿ?

ನಮ್ಮ ಅತ್ತಿಗೆ ಹೆಂಗಸರ ಬಟ್ಟೆ ಹೊಲಿಯುವವರು. ಇಪ್ಪತ್ತೆಂಟು ವರ್ಷಗಳಿಂದ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕೊರಳಿಗೆ ಟೇಪು ಹಾಕಿಕೊಂಡು, "ಎದೆ ಮೂವತ್ತೆಂಟು, ಸೊಂಟ ಮೂವತ್ತಾರು! ಉಸಿರು ಬಿಡಮ್ಮ, ನೀನು ಹೊಟ್ಟೆ ಎಳ್ಕೊಂಡ್ರೆ ಬಟ್ಟೆ ಮೋಸ ಹೋಗಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವವರು. ಅಳತೆ ಪುಸ್ತಕ ಬರೆಯಲು, ಗುಂಡಿ ಹಾಕಲು ನಾನು ವಾರಕ್ಕೆರಡು ಮಧ್ಯಾಹ್ನ ಹೋಗುತ್ತೇನೆ. ಕಳೆದ ವರ್ಷ ಆ ದೊಡ್ಡ ದನಿ ಯಾಕೋ ತಗ್ಗಿಹೋಗಿತ್ತು.

ಒಂದು ದಿನ ಹೋದಾಗ ಅಣ್ಣ ಮೂಗಿನ ಮೇಲೆ ಪಟ್ಟಿ ಅಂಟಿಸಿಕೊಂಡು ಜಗುಲಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನ ಕಸುಬು ಅದೇ.

"ಇದೇನೋ ಅಣ್ಣ, ಮೂಗಿಗೆ ಏಟಾಯ್ತಾ?"

"ಗೊರಕೆಗೆ ಕಣೇ. ನನ್ನ ಗೊರಕೆ ನಿಮ್ಮ ಅತ್ತಿಗೆಗೆ ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ಕೇಳಿಸ್ತಂತೆ. ಹೊಲಿಗೆ ಕೋಣೇಲಿ ಬೇರೆ ಮಂಚ ಹಾಕ್ಕೊಂಡು ಆರು ತಿಂಗಳಾಯ್ತು. ಅಭ್ಯಾಸ ಆಗ್ಲಿ ಅಂತ ಹಗಲೂ ಹಾಕ್ಕೊಂಡಿದೀನಿ." ನಕ್ಕ. ಆಮೇಲೆ ಗಡಿಯಾರದ ಕಡೆಗೇ ನೋಡುತ್ತ, "ಪಟ್ಟಿ ಹಾಕ್ಕೊಂಡ್ರೂ ವಾಪಸ್ ಬರ್ಲಿಲ್ಲ. ನಾನೇ ಬೇಡವಾದೆನೋ ಏನೋ" ಎಂದ.

ಒಳಗೆ ಹೋಗಿ ಅಣ್ಣನ ಮಾತನ್ನು ಅತ್ತಿಗೆಗೆ ಹೇಳಿದೆ. ಮೆಷಿನ್ ನಿಂತಿತು. ನಾನು ಗುಂಡಿ ಹಾಕುತ್ತ ಕೂತೆ. ನಾಲ್ಕನೆಯ ಗುಂಡಿಯ ಹೊತ್ತಿಗೆ ಅವರೇ ಬಾಯಿಬಿಟ್ಟರು.

"ಪಾಪ, ಅವರ ಗೊರಕೆ ಏನು ಮಾಡುತ್ತೆ? ಕೆಳಗೆ ಕಣೇ... ಮುಟ್ಟು ನಿಂತ ಮೇಲೆ ಒಣಗಿ ಉರಿ. ಅವರು ಹತ್ರ ಬಂದ್ರೆ ಜೀವ ಹೋದಷ್ಟು ನೋವು. ಹೇಳೋಕೆ ಬಾಯಿ ಬರ್ಲಿಲ್ಲ, ಗೊರಕೆ ಮೇಲೆ ಹಾಕ್ದೆ."

"ಡಾಕ್ಟರಿಗೆ ತೋರಿಸಿದ್ರಾ?"

"ಹೋಗಿದ್ದೆ. ಕೆಳಗೆ ಒಣಗಿ ಬಿರಿದ ಹಾಗಾಗಿದೆ ಅಂದೆ. ಆ ಡಾಕ್ಟರ್ ಹುಡುಗಿ ಬಗ್ಗಿ ನನ್ನ ಕಾಲು ನೋಡಿದ್ಲು. ಹಿಮ್ಮಡಿಗೆ ಮುಲಾಮು ಬರ್ಕೊಟ್ಲು. ನಾಚಿಕೆಗೆ ತಗೊಂಡು ಬಂದು ಹಚ್ಕೊಂಡೆ."

ಕಾಲು ಚಾಚಿ ತೋರಿಸಿದರು. ವರ್ಷಗಟ್ಟಲೆ ಬರಿಗಾಲಲ್ಲಿ ಮೆಷಿನ್ ತುಳಿದು ಬಿರಿದಿದ್ದ ಹಿಮ್ಮಡಿ ಮದುಮಗಳ ಪಾದದಷ್ಟು ನುಣುಪಾಗಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಅತ್ತಿಗೆ ಅಳಲು ಶುರುಮಾಡಿದರು.

ಐದು ವರ್ಷದ ಹಿಂದೆ ಅವರಿಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆಗಿತ್ತು. ಹಾರ್ಮೋನ್ ಔಷಧಿ ತೆಗೆದುಕೊಳ್ಳಬೇಡಿ ಎಂದು ಆಗಲೇ ಆಸ್ಪತ್ರೆಯವರು ಹೇಳಿದ್ದರು. ಹಾಗಾಗಿ ತಮ್ಮ ಈ ಕಷ್ಟಕ್ಕೆ ಮದ್ದೇ ಇಲ್ಲ ಎಂದು ಅತ್ತಿಗೆ ತಾವೇ ತೀರ್ಮಾನಿಸಿಬಿಟ್ಟಿದ್ದರು.

"ಇನ್ನೊಂದು ಸಲ ಹೋಗೋಣ. ಹೇಳೋಕೆ ಆಗ್ದಿದ್ರೆ ಬರ್ಕೊಡಿ" ಎಂದೆ.

ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಕೈಗೇ ಕೊಟ್ಟರು. "ನೀನೇ ಬರಿ."

"ಅಕ್ಷರ ನಿಮ್ಮದೇ ಇರ್ಲಿ ಅತ್ತಿಗೆ. ದೇವರು ಕೊಟ್ಟ ಮೈಯಲ್ಲಿ ಹೆಸರು ಹೇಳಬಾರದ ಜಾಗ ಅಂತ ಯಾವುದಿದೆ?"

ತುಂಬ ಹೊತ್ತು ಪೆನ್ಸಿಲ್ ಕಚ್ಚಿ, ಅಳತೆ ಬರೆಯುವ ರೀತಿಯಲ್ಲೇ ಬರೆದರು: "ಯೋನಿ – ಒಣಗಿದೆ, ಉರಿ. ಗಂಡನ ಜೊತೆ ಕೂಡಿದರೆ ನೋವು. ಹಾರ್ಮೋನ್ – ಆಗದು. ಹಿಮ್ಮಡಿ – ಈಗ ಚೆನ್ನಾಗಿದೆ."

ಡಾಕ್ಟರಮ್ಮ ಚೀಟಿ ಓದಿ ನಾಲಗೆ ಕಚ್ಚಿಕೊಂಡರು. "ತಪ್ಪು ನಂದೇ ಅಮ್ಮ. ಕೆಳಗೆ ಅಂದ್ರೆ ಎಲ್ಲಿ ಅಂತ ಕೇಳ್ಬೇಕಿತ್ತು." ಪರದೆಯ ಹಿಂದೆ ಕರೆದುಕೊಂಡು ಹೋಗಿ ನಿಧಾನವಾಗಿ ಪರೀಕ್ಷೆ ಮಾಡಿದರು. ಹುಣ್ಣಿಲ್ಲ, ಸೋಂಕಿಲ್ಲ.

"ಹಾರ್ಮೋನ್ ಇಲ್ಲದ ಮದ್ದೂ ಇದೆ. ಈ ಜೆಲ್ ತೇವ ಉಳಿಸುತ್ತೆ, ವಾರಕ್ಕೆ ಎರಡು ಮೂರು ಸಲ ಒಳಗೆ ಹಾಕ್ಕೋಬೇಕು. ಯಜಮಾನ್ರು ಹತ್ರ ಬರ್ಲಿ, ಬಿಡ್ಲಿ. ಇನ್ನೊಂದು ಜಾರುವ ಜೆಲ್, ನೀರಿನಿಂದ ಮಾಡಿದ್ದು. ಅದು ಆ ಹೊತ್ತಿಗೆ ಮಾತ್ರ. ಸೋಪು ಬೇಡ, ಬರೀ ನೀರು ಸಾಕು. ಕೆಲವು ವಾರ ಹಿಡಿಯುತ್ತೆ, ಅವಸರ ಮಾಡ್ಬೇಡಿ. ರಕ್ತ ಕಂಡ್ರೆ ಮಾತ್ರ ತಕ್ಷಣ ಬನ್ನಿ. ಮತ್ತೆ, ಯಜಮಾನ್ರಿಗೂ ಹೇಳಿ."

ಮದ್ದಿಗಿಂತ ಕಷ್ಟವಾದದ್ದು ಆ ಕೊನೆಯ ಮಾತು. ಅತ್ತಿಗೆ ಬಾಯಿಂದ ಹೇಳಲಿಲ್ಲ. ಅದೇ ಚೀಟಿಯನ್ನು ಅಣ್ಣನ ಮೇಜಿನ ಮೇಲಿಟ್ಟು ಒಳಗೆ ಓಡಿಬಂದರಂತೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಲ್ಲೇ ಒಂದೊಂದು ಅಕ್ಷರವನ್ನೂ ಓದಿ, ಮೂಗಿನ ಪಟ್ಟಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತನಂತೆ.

"ಇಷ್ಟು ನೋವು ಒಬ್ಬಳೇ ನುಂಗಿದ್ಯಲ್ಲೇ. ಹಾಗಾದ್ರೆ ನನ್ನ ಗೊರಕೆ?"

"ಅದೂ ಇದೆ ಕಣ್ರೀ. ಅದು ಬೇರೆ ಕಾಯಿಲೆ."

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಹೋದಾಗ ಅಣ್ಣ, "ಬಂದ್ಯಾ, ಒಂದು ಕೈ ಹಿಡಿ" ಎಂದ. ಹೊಲಿಗೆ ಕೋಣೆಯ ಮಂಚವನ್ನು ಅವನೊಂದು ಕಡೆ, ನಾನೊಂದು ಕಡೆ ಎತ್ತಿದೆವು. ಅತ್ತಿಗೆ ಮಲಗುವ ಕೋಣೆಯ ಬಾಗಿಲಿಗೆ ಟೇಪು ಹಿಡಿದು ನಿಂತಿದ್ದರು.

"ಬಾಗಿಲು ಮೂವತ್ತೊಂದು ಇಂಚು, ಮಂಚ ಮೂವತ್ತು! ಹಿಡಿಸುತ್ತೆ, ತನ್ನಿ!"

"ಮೆಲ್ಲಗೆ ಹೇಳೇ, ಬೀದಿಗೆಲ್ಲ ಕೇಳಿಸುತ್ತೆ."

"ಕೇಳಿಸ್ಲಿ ಬಿಡಿ. ಮಂಚದ ಅಳತೆ ತಾನೇ?"